ಗುದದ ಬಿರುಕಿಗೆ ಮನೆ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುದದ ಬಿರುಕು, ಅಂದರೆ ಫಿಶರ್, ಗುದದ್ವಾರದ ಅಂಚಿನ ತೆಳುಚರ್ಮದಲ್ಲಿ ಉದ್ದಕ್ಕೆ ಬೀಳುವ ಸೀಳು. ಗಾತ್ರದಲ್ಲಿ ಸಣ್ಣದು, ನೋವಿನಲ್ಲಿ ದೊಡ್ಡದು. ಹೊಸದಾಗಿ ಬಿದ್ದ ಬಿರುಕುಗಳಲ್ಲಿ ಸುಮಾರು ಅರ್ಧದಷ್ಟು ನಾರು, ನೀರು, ಬಿಸಿನೀರಿನ ಟಬ್ಬು ಇಷ್ಟರಿಂದಲೇ ಮಾಯುತ್ತವೆ. ಉಳಿದವುಗಳಲ್ಲಿ ಹಲವಕ್ಕೆ ವೈದ್ಯರು ಬರೆದುಕೊಡುವ ಮುಲಾಮು ಸೇರಿಸಿದರೆ ಸಾಕಾಗುತ್ತದೆ. ಇಲ್ಲಿನ ಉತ್ತರಗಳು ವಯಸ್ಕರಿಗೆ. ಮಕ್ಕಳ ವಿಷಯ ಕೊನೆಯ ಕಡೆ ಬೇರೆಯಾಗಿದೆ.

ನನಗಿರುವುದು ಫಿಶರೋ, ಮೂಲವ್ಯಾಧಿಯೋ?

ನೋವಿನ ರೀತಿಯೇ ಹೆಚ್ಚಾಗಿ ಹೇಳಿಬಿಡುತ್ತದೆ. ಮಲ ಹೊರಬರುವಾಗ ಗಾಜಿನ ಚೂರು ಕೊಯ್ದಂತೆ ಚುರುಕ್ ಎನ್ನುವುದು, ಆಮೇಲೆ ಹಲವು ನಿಮಿಷಗಳಿಂದ ಹಲವು ಗಂಟೆಗಳವರೆಗೆ ಹಿಂಡುವ, ಉರಿಯುವ ನೋವು ಉಳಿಯುವುದು ಫಿಶರ್‌ನ ಗುರುತು. ರಕ್ತ ಬಂದರೆ ಕೆಂಪಗೆ, ಸ್ವಲ್ಪವೇ. ಮಲದ ಮೇಲೆ ಗೆರೆಯಂತೆ ಅಥವಾ ಒರೆಸಿದ ಬಟ್ಟೆಯಲ್ಲಿ ಕಾಣುತ್ತದೆ. ಒಳ ಮೂಲವ್ಯಾಧಿಯಲ್ಲಿ ರಕ್ತ ಹನಿಹನಿಯಾಗಿ ಬಿದ್ದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಗುದದ ಪಕ್ಕ ಇದ್ದಕ್ಕಿದ್ದಂತೆ ನೀಲಿ ಬಣ್ಣದ ಗಟ್ಟಿ ಗಂಟು ಬಂದು ಸದಾ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಹೊರ ಮೂಲವ್ಯಾಧಿ ಇರಬಹುದು. ಜ್ವರ, ಊತ, ಕೀವು ಇದ್ದರೆ ಕುರು.

ಹಳೆಯ ಬಿರುಕಿನ ಹೊರತುದಿಯಲ್ಲಿ ಚರ್ಮ ಸಣ್ಣಗೆ ಬೆಳೆದು ಜೋತುಬೀಳುತ್ತದೆ. ಬಹಳ ಮಂದಿ ಇದನ್ನೇ ಮೂಲವ್ಯಾಧಿಯ ಮೊಳಕೆ ಎಂದುಕೊಂಡು ತಿಂಗಳುಗಟ್ಟಲೆ ತಪ್ಪು ಮುಲಾಮು ಹಚ್ಚುತ್ತಾರೆ. ಮನೆ ಆರೈಕೆ ಶುರುಮಾಡುವ ಮುನ್ನ ಒಮ್ಮೆಯಾದರೂ ವೈದ್ಯರಿಗೆ ತೋರಿಸಿ. ಅಂಚನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಅವರಿಗೆ ಬಿರುಕು ಕಾಣುತ್ತದೆ. ನೋವು ಜೋರಾಗಿರುವಾಗ ಬೆರಳು ಹಾಕಿ ಪರೀಕ್ಷಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆ ಹೆದರಿಕೆಯಿಂದ ಹೋಗದೆ ಉಳಿಯಬೇಡಿ.

ಇಷ್ಟು ಸಣ್ಣ ಗಾಯ ಬೇಗ ಮಾಯುವುದಿಲ್ಲ ಯಾಕೆ?

ಗಾಯದ ತಪ್ಪಲ್ಲ, ಅದರ ಕೆಳಗಿನ ಸ್ನಾಯುವಿನದು. ಗುದದ ಸುತ್ತ ಬಳೆಯಂತಿರುವ ಒಳಸ್ನಾಯು ನಮ್ಮ ಮಾತು ಕೇಳುವುದಿಲ್ಲ, ತಾನಾಗಿ ಬಿಗಿದಿರುತ್ತದೆ. ಗಟ್ಟಿ ಮಲ ಚರ್ಮವನ್ನು ಸೀಳಿದಾಗ ನೋವಿಗೆ ಈ ಸ್ನಾಯು ಇನ್ನಷ್ಟು ಸೆಟೆದುಕೊಳ್ಳುತ್ತದೆ. ಸೆಟೆದ ಸ್ನಾಯು ತನ್ನ ಮೂಲಕ ಚರ್ಮಕ್ಕೆ ಹೋಗುವ ರಕ್ತನಾಳಗಳನ್ನು ಹಿಸುಕುತ್ತದೆ. ಗುದದ ಹಿಂಭಾಗದ ನಡುಗೆರೆಯಲ್ಲಿ, ಅಂದರೆ ಬಾಲಮೂಳೆಯ ಕಡೆಗೆ, ರಕ್ತದ ಹರಿವು ಮೊದಲೇ ಕಡಿಮೆ. ಹತ್ತರಲ್ಲಿ ಒಂಬತ್ತರಷ್ಟು ಬಿರುಕುಗಳು ಅಲ್ಲೇ ಬೀಳುವುದೂ, ಅಲ್ಲಿ ಮಾಯಲು ತಿಣುಕುವುದೂ ಇದೇ ಕಾರಣಕ್ಕೆ. ಮುಂಭಾಗದ ನಡುಗೆರೆಯ ಬಿರುಕು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಇದರ ಮೇಲೆ ಇನ್ನೊಂದು ಸುತ್ತು: ನೋವಿನ ಭಯಕ್ಕೆ ಮಲ ತಡೆಹಿಡಿಯುತ್ತೀರಿ, ತಡೆದಷ್ಟೂ ದೊಡ್ಡಕರುಳು ನೀರು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ, ಗಟ್ಟಿ ಮಲ ಮತ್ತೆ ಸೀಳುತ್ತದೆ. ಆದ್ದರಿಂದ ಆರೈಕೆಗೆ ಇರುವುದು ಎರಡೇ ಕೆಲಸ: ಮಲವನ್ನು ಮೆತ್ತಗಿಡುವುದು, ಸ್ನಾಯುವನ್ನು ಸಡಿಲಿಸುವುದು. ಗಾಯಕ್ಕೆ ನೇರವಾಗಿ ಏನಾದರೂ ಸುರಿದು ವಾಸಿ ಮಾಡುತ್ತೇನೆಂದು ಹೊರಟ ಉಪಾಯಗಳು ಸೋಲುವುದು ಇಲ್ಲೇ.

ಎಷ್ಟು ದಿನ ಹಿಡಿಯುತ್ತದೆ?

ಆರೈಕೆ ಸರಿಯಾಗಿ ನಡೆದರೆ ನೋವು ಒಂದೆರಡು ವಾರದಲ್ಲಿ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಚರ್ಮ ಪೂರ್ತಿ ಕೂಡಿಕೊಳ್ಳಲು 4ರಿಂದ 8 ವಾರ ಬೇಕು. ಆರು–ಎಂಟು ವಾರ ದಾಟಿದ್ದನ್ನು ಹಳೆಯ ಬಿರುಕು ಎಂದು ಲೆಕ್ಕ; ಅದರ ಅಂಚು ದಪ್ಪಗಾಗಿರುತ್ತದೆ, ತಳದಲ್ಲಿ ಸ್ನಾಯುವಿನ ಎಳೆಗಳು ಕಾಣಬಹುದು. ಅಂಥದ್ದಕ್ಕೆ ಬರೀ ನಾರು–ನೀರು ಸಾಲದೆ ಹೋಗುವುದೇ ಹೆಚ್ಚು.

ಮನೆ ಆರೈಕೆ ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕಾದವರು ಯಾರು?

ರಕ್ತ ಧಾರೆಯಾಗಿ ಅಥವಾ ಹೆಪ್ಪುಹೆಪ್ಪಾಗಿ ಬರುತ್ತಿದ್ದರೆ, ಮಲದೊಳಗೆ ಬೆರೆತಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ ಕಾಯಬೇಡಿ. ಜ್ವರ, ಕೀವು, ಗುದದ ಪಕ್ಕ ಬಿಸಿಯಾದ ಊತ, ಮೂತ್ರ ಕಟ್ಟುವುದು ಇದ್ದರೆ ಅದೇ ದಿನ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಭೇದಿ, ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗಿರುವುದು, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇರುವುದು, 45 ದಾಟಿದ ಮೇಲೆ ಮೊದಲ ಸಲ ರಕ್ತ ಕಾಣಿಸಿರುವುದು, ಇವೆಲ್ಲ ಪರೀಕ್ಷೆ ಆಗಲೇಬೇಕಾದ ಸಂಗತಿಗಳು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರೂ ರೋಗನಿರೋಧಕ ಶಕ್ತಿ ಕುಗ್ಗಿದವರೂ ಮೊದಲೇ ಕೇಳಿಕೊಳ್ಳಲಿ.

ಬಿರುಕು ಹಿಂದೆ–ಮುಂದೆ ನಡುಗೆರೆಯಲ್ಲಿ ಇರದೆ ಪಕ್ಕದಲ್ಲಿದ್ದರೆ, ಹಲವು ಇದ್ದರೆ, ಅಥವಾ ನೋವೇ ಇಲ್ಲದಿದ್ದರೆ ಅನುಮಾನ ಬೇರೆ ಕಡೆ ತಿರುಗುತ್ತದೆ: ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ), ಕ್ಷಯ, ಸಿಫಿಲಿಸ್, ಎಚ್‌ಐವಿ, ಅಪರೂಪಕ್ಕೆ ಕ್ಯಾನ್ಸರ್.

ಮಲ ಎಷ್ಟು ಮೆತ್ತಗಿರಬೇಕು? ನೀರಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಮಲದ ಆಕಾರವನ್ನು ಏಳು ಬಗೆಯಾಗಿ ವಿಂಗಡಿಸುವ ಬ್ರಿಸ್ಟಲ್ ಅಳತೆ 1997ರಿಂದ ಬಳಕೆಯಲ್ಲಿದೆ. ಅದರಲ್ಲಿ ನಿಮ್ಮ ಗುರಿ ನಾಲ್ಕನೆಯದು: ನುಣುಪಾದ, ಮೆತ್ತನೆಯ, ಬಾಳೆಹಣ್ಣಿನ ತಿರುಳಿನಂತೆ ಜಾರಿಬರುವ ಮಲ. ಒಂದು ಮತ್ತು ಎರಡು ಎಂದರೆ ಗೋಲಿಯಂಥ, ಗಂಟುಗಂಟಾದ ಮಲ. ಬಿರುಕು ಬೀಳಿಸುವುದು ಇವೇ. ಆರು–ಏಳು ನೀರುಭೇದಿ. ಪದೇ ಪದೇ ಆಗುವ ಭೇದಿ ಗಾಯವನ್ನು ಸುಡುತ್ತದೆ, ಒರೆಸಿ ಒರೆಸಿ ಚರ್ಮ ಸುಲಿಯುತ್ತದೆ. ಕೆಲವರಿಗೆ ಮೊದಲ ಬಿರುಕು ಬಿದ್ದದ್ದೇ ಭೇದಿಯಿಂದ. ದಿನಕ್ಕೊಮ್ಮೆ, ರೂಪ ಉಳಿಸಿಕೊಂಡ ಮೆತ್ತನೆಯ ಮಲ ಬಂದರೆ ಅದು ಹೋಗುವಾಗ ಗುದವನ್ನು ಹದವಾಗಿ ಹಿಗ್ಗಿಸಿಯೂ ಕೊಡುತ್ತದೆ.

ದಿನಕ್ಕೆ ಎಷ್ಟು ನಾರಿನಂಶ ಬೇಕು?

ಒಟ್ಟು 25ರಿಂದ 30 ಗ್ರಾಂ. ಒಂದು ಬಟ್ಟಲು ಬೇಯಿಸಿದ ಬೇಳೆ ಅಥವಾ ಕಾಳಿನಲ್ಲಿ ಸುಮಾರು 15 ಗ್ರಾಂ ಸಿಗುತ್ತದೆ. ಇದಕ್ಕೆ ಸಮನಾದದ್ದು ತಟ್ಟೆಯಲ್ಲಿ ಬೇರೆ ಸಿಗುವುದು ಕಷ್ಟ. ಒಂದು ಬಟ್ಟಲು ಬಟಾಣಿಯಲ್ಲಿ 8–9 ಗ್ರಾಂ, ಸಿಪ್ಪೆ ಸಮೇತ ಪೇರ್ ಹಣ್ಣಿನಲ್ಲಿ 5–6, ಸೇಬಿನಲ್ಲಿ 4, 40 ಗ್ರಾಂ ಓಟ್ಸ್‌ನಲ್ಲಿ 4 ಗ್ರಾಂ. ಸೊಪ್ಪು ಒಳ್ಳೆಯದೇ, ಆದರೆ ಬೆಂದ ಮೇಲೆ ಕುಗ್ಗಿ ಒಂದು ಹಿಡಿಯಾಗುವುದರಿಂದ ಅದೊಂದನ್ನೇ ನಂಬಿದರೆ ಲೆಕ್ಕ ತುಂಬುವುದಿಲ್ಲ. ಹಣ್ಣಿನ ರಸದಲ್ಲಿ ನಾರು ಬಹುಪಾಲು ಹೋಗಿರುತ್ತದೆ.

ಹಿಟ್ಟು ನುಣುಪಾದಷ್ಟೂ ನಾರು ಕಡಿಮೆ. ನೋವಿನ ಮೊದಲ ವಾರದಲ್ಲಿ ಸರಿಯಾಗಿ ಅಗಿಯದ ಬೀಜ, ಗಟ್ಟಿ ಕಾಯಿಚೂರು, ಜೋಳದ ಹುರಿದ ಅರಳು ಬೇಡ. ಇವುಗಳ ಮೊನಚು ಚೂರು ಕರಗದೆ ಹಾಗೇ ಹೊರಬರುತ್ತದೆ.

ಇಸಬ್‌ಗೋಲ್ ತೆಗೆದುಕೊಳ್ಳುವ ಸರಿಯಾದ ಕ್ರಮ ಯಾವುದು?

ಒಂದು ಟೀ ಚಮಚ ಹೊಟ್ಟನ್ನು ಕನಿಷ್ಠ 240 ಮಿಲಿಲೀಟರ್, ಅಂದರೆ ದೊಡ್ಡ ಲೋಟದ ತುಂಬ ನೀರಿಗೆ ಹಾಕಿ ಕಲಕಿ, ಗಂಜಿಗಟ್ಟುವ ಮೊದಲೇ ಕುಡಿದುಬಿಡಿ. ಹಿಂದೆಯೇ ಇನ್ನರ್ಧ ಲೋಟ ನೀರು. ಮೊದಲ ನಾಲ್ಕೈದು ದಿನ ದಿನಕ್ಕೊಂದೇ ಸಲ. ಆಮೇಲೆ ಎರಡು ಸಲ, ಬೇಕಾದರೆ ಮೂರು ಸಲ. ಪರಿಣಾಮ ಕಾಣಲು 12 ಗಂಟೆಯಿಂದ ಮೂರು ದಿನ ಹಿಡಿಯುತ್ತದೆ. ಮೊದಲ ರಾತ್ರಿಯೇ ಏನೂ ಆಗಲಿಲ್ಲವೆಂದು ಮರುದಿನ ನಾಲ್ಕು ಚಮಚ ಸುರಿದುಕೊಂಡವರು ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ.

ತಪ್ಪಾಗುವುದು ಹೆಚ್ಚಾಗಿ ನೀರಿನಲ್ಲಿ. ಈ ಹೊಟ್ಟು ನೀರು ಹೀರಿ ಉಬ್ಬಿಯೇ ಕೆಲಸ ಮಾಡುವುದು. ನೀರು ಕಡಿಮೆಯಾದರೆ ಕರುಳಿನಲ್ಲಿ ಗಟ್ಟಿ ಮುದ್ದೆಯಾಗಿ ಇದ್ದ ತೊಂದರೆಯನ್ನೂ ಹೆಚ್ಚಿಸುತ್ತದೆ. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದಂತೂ ಅಪಾಯ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವವರು, ಕರುಳು ಕಿರಿದಾಗಿರುವವರು ಅಥವಾ ಅಡ್ಡಿಯಿರುವವರು ಇದನ್ನು ಮುಟ್ಟಬಾರದು. ಮಲಗುವ ಕ್ಷಣದಲ್ಲಿ ಬೇಡ. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು.

ನಾರು ಹೆಚ್ಚಿಸಿದ ಮೇಲೆ ಹೊಟ್ಟೆ ಉಬ್ಬರ, ಗಾಳಿ. ಬಿಡಲೇ?

ಬಿಡಬೇಡಿ, ಅರ್ಧಕ್ಕೆ ಇಳಿಸಿ ವಾರಕ್ಕೊಂದು ಮೆಟ್ಟಿಲಂತೆ ಮತ್ತೆ ಏರಿಸಿ. ಕರುಳಿನ ಸೂಕ್ಷ್ಮಜೀವಿಗಳು ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು.

ನೀರು ಎಷ್ಟು ಕುಡಿಯಬೇಕು?

ಒಂದೂವರೆಯಿಂದ ಎರಡು ಲೀಟರ್. ಸೆಕೆ ಇದ್ದರೆ, ಮೈಬೆವರಿಳಿಸುವ ಕೆಲಸವಿದ್ದರೆ ಹೆಚ್ಚು. ಮೂತ್ರ ತಿಳಿಹಳದಿ ಇದ್ದರೆ ಸಾಕಷ್ಟು ಕುಡಿದಿದ್ದೀರಿ. ನಾರಿಲ್ಲದೆ ನೀರನ್ನಷ್ಟೇ ಕೊಡಗಟ್ಟಲೆ ಕುಡಿದರೆ ಮಲ ಮೆತ್ತಗಾಗುವುದಿಲ್ಲ, ಮೂತ್ರವಾಗಿ ಹೋಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯನ್ನೇ ಪಾಲಿಸಿ. ಅವರಿಗೆ ಇಸಬ್‌ಗೋಲ್ ಸೂಕ್ತವೇ ಎಂದೂ ಕೇಳಿಕೊಳ್ಳಬೇಕು.

ಮಲ ಮೆತ್ತಗಾಗಿಸುವ ಔಷಧಿ ಬೇಕೇ? ಯಾವುದು?

ನಾರು ಹಿಡಿತಕ್ಕೆ ಬರುವ ಮುಂಚಿನ ಮೊದಲ ಹತ್ತು–ಹದಿನೈದು ದಿನ ಇದು ಬಹಳ ಸಹಾಯ. ಕರುಳಿಗೆ ನೀರನ್ನು ಎಳೆದು ಹಿಡಿಯುವ ಬಗೆಯೇ ಫಿಶರ್‌ಗೆ ಒಗ್ಗುವುದು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯಾದರೆ 17 ಗ್ರಾಂ ಒಂದು ಲೋಟ ನೀರಿನಲ್ಲಿ ದಿನಕ್ಕೊಮ್ಮೆ. ಒಂದರಿಂದ ಮೂರು ದಿನದಲ್ಲಿ ಕೆಲಸ ಮಾಡುತ್ತದೆ. ಲ್ಯಾಕ್ಟುಲೋಸ್ ದ್ರವವಾದರೆ 15ರಿಂದ 30 ಮಿಲಿ, ಒಂದೆರಡು ದಿನದಲ್ಲಿ ಗುಣ ತೋರಿಸುತ್ತದೆ, ಗಾಳಿ ಹೆಚ್ಚು. ಮಲದ ರೂಪ ನೋಡಿ ಪ್ರಮಾಣವನ್ನು ನೀವೇ ಸ್ವಲ್ಪ ಏರಿಸಿ ಇಳಿಸಿಕೊಳ್ಳಬಹುದು.

ಬಿಸಾಕೊಡಿಲ್, ಸೆನ್ನಾ ಥರದವು ಕರುಳನ್ನು ಕುಟುಕಿ ಓಡಿಸುತ್ತವೆ. ಹೊಟ್ಟೆ ನುಲಿಯುತ್ತದೆ, ನೀರುಭೇದಿಯಾಗುತ್ತದೆ, ಮರುದಿನ ಏನೂ ಬರುವುದಿಲ್ಲ. ಮೊದಲ ಆಯ್ಕೆಯಾಗಿ ಇವು ಬೇಡ. ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ವೃದ್ಧರಿಗೂ ಹಾಸಿಗೆ ಹಿಡಿದವರಿಗೂ ಕೊಡಬಾರದು. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಬಿಸಿನೀರಿನಲ್ಲಿ ಕೂರುವುದು ಹೇಗೆ?

ಸಿಟ್ಜ್ ಬಾತ್ ಎಂದು ವೈದ್ಯರು ಬರೆಯುವುದು ಇದನ್ನೇ. ಕಮೋಡಿನ ಮೇಲೆ ಕೂರಿಸುವ ಅಗಲದ ಬೇಸಿನ್, ಅಥವಾ ಸೊಂಟ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಟಬ್ಬು ಸಾಕು. ಎಂಟು–ಹತ್ತು ಸೆಂಟಿಮೀಟರ್ ಆಳಕ್ಕೆ ನೀರು; ಬಿಸಿ 37ರಿಂದ 40 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ: ಹಿತವಾಗಿ ಬೆಚ್ಚಗಿರಬೇಕು, ಚುರುಗುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರು ಅಳೆದೇ ಕೂರಬೇಕು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅವುಗಳಲ್ಲಿ ಒಂದು ಮಲವಿಸರ್ಜನೆಯಾದ ಕೂಡಲೇ ಇರಲಿ, ಏಕೆಂದರೆ ಸ್ನಾಯು ಸೆಟೆದು ಹಿಂಡಲು ಶುರುಮಾಡುವುದು ಆಗಲೇ. ಕಾಲು ಸಡಿಲ ಬಿಟ್ಟು ನಿಧಾನವಾಗಿ ಉಸಿರು ಹೊಟ್ಟೆಯವರೆಗೆ ಎಳೆದು ಬಿಡುತ್ತಿದ್ದರೆ ಗುದ ಕೆಳಕ್ಕೆ ಸಡಿಲವಾಗುವುದು ನಿಮಗೇ ತಿಳಿಯುತ್ತದೆ. ಅರ್ಧ ಗಂಟೆ, ಒಂದು ಗಂಟೆ ಕೂತರೆ ಹೆಚ್ಚು ಲಾಭವೇನಿಲ್ಲ. ಚರ್ಮ ನೆನೆದು ಬೆಳ್ಳಗಾಗಿ ಇನ್ನಷ್ಟು ಬೇಗ ಹರಿಯುತ್ತದೆ. ಮುಗಿದ ಮೇಲೆ ಏನನ್ನಾದರೂ ಹಿಡಿದುಕೊಂಡು ಮೆಲ್ಲಗೆ ಏಳಿ, ಬಿಸಿನೀರಿನಿಂದ ಎದ್ದಾಗ ತಲೆ ತಿರುಗುವುದುಂಟು. ಮೆತ್ತನೆಯ ಬಟ್ಟೆಯನ್ನು ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ಟಬ್ಬನ್ನು ಪ್ರತಿಸಲ ಸೋಪಿನಲ್ಲಿ ತೊಳೆದು ಒಣಗಿಸಿಡಿ.

ನೀರಿಗೆ ಉಪ್ಪು, ನಂಜುನಿವಾರಕ ದ್ರವ, ಪೊಟ್ಯಾಸಿಯಂ ಪರ್ಮಾಂಗನೇಟ್?

ಏನೂ ಬೇಡ. ಗುಣ ಬರುವುದು ಬಿಸಿಯಿಂದ. ನಂಜುನಿವಾರಕ ಗಾಯವನ್ನು ಉರಿಸುತ್ತದೆ, ಪರ್ಮಾಂಗನೇಟ್ ಹರಳು ಕರಗದೆ ಉಳಿದರೆ ಚರ್ಮ ಸುಡುತ್ತದೆ. ಉಪ್ಪು ಹಾಕಿದರೆ ದೊಡ್ಡ ಹಾನಿಯಿಲ್ಲ, ಲಾಭವೂ ಇಲ್ಲ.

ಕಕ್ಕಸಿನಲ್ಲಿ ಕೂತಾಗ ಏನು ಮಾಡಬೇಕು, ಏನು ಮಾಡಬಾರದು?

ಒತ್ತಡ ಬಂದಾಗ ಹೋಗಿ, ಬರದಿದ್ದಾಗ ಹೋಗಿ ಕೂರಬೇಡಿ. ಊಟ–ತಿಂಡಿಯಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ದೊಡ್ಡಕರುಳು ತಾನಾಗಿ ಚುರುಕಾಗುತ್ತದೆ, ಅದರಲ್ಲೂ ಬೆಳಗಿನ ತಿಂಡಿಯ ನಂತರ. ಆ ಹೊತ್ತಿಗೆ ಬಿಡುವಿರುವಂತೆ ನೋಡಿಕೊಳ್ಳಿ. ಕಮೋಡ್ ಆದರೆ ಪಾದದ ಕೆಳಗೆ 15–20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತು, ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ. ಹೀಗೆ ಕೂತಾಗ ಗುದನಾಳದ ಬಾಗು ನೇರವಾಗಿ ಮಲ ಸುಲಭವಾಗಿ ಇಳಿಯುತ್ತದೆ. ಕುಕ್ಕರುಗಾಲಿನಲ್ಲಿ ಕೂರುವವರಿಗೆ ಈ ಭಂಗಿ ಮೊದಲೇ ಸಿಕ್ಕಿರುತ್ತದೆ.

ಉಸಿರು ಬಿಗಿಹಿಡಿದು ತಿಣುಕಬೇಡಿ. ಬಾಯಿ ಸ್ವಲ್ಪ ತೆರೆದು ಉಸಿರು ಬಿಡುತ್ತಾ ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಿ. ಐದು, ಹೆಚ್ಚೆಂದರೆ ಹತ್ತು ನಿಮಿಷ; ಬರದಿದ್ದರೆ ಎದ್ದುಬನ್ನಿ. ಮೊಬೈಲ್ ಹೊರಗಿರಲಿ. ಅರ್ಧ ಗಂಟೆ ಕೂರಿಸುವುದು ಹೊಟ್ಟೆಯಲ್ಲ, ಅದು.

ಹೋಗುವ ಮುನ್ನ ಬಟಾಣಿ ಗಾತ್ರದ ಪೆಟ್ರೋಲಿಯಂ ಜೆಲ್ಲಿಯನ್ನು ಗುದದ ಅಂಚಿಗೆ ಸವರಿಕೊಂಡರೆ ಉಜ್ಜುವಿಕೆ ತಗ್ಗುತ್ತದೆ. ಸರಳ ಉಪಾಯ, ಆದರೆ ಮೊದಲ ವಾರದಲ್ಲಿ ಇದರಷ್ಟು ಬೇಗ ಸಮಾಧಾನ ಕೊಡುವುದು ಕಡಿಮೆ.

ಮೂರು ದಿನದಿಂದ ಮಲ ಬಂದಿಲ್ಲ, ಗುದದ ಬಾಯಿಯಲ್ಲೇ ಗಟ್ಟಿಯಾಗಿ ನಿಂತಿದೆ. ಈಗೇನು?

ಬಲವಂತವಾಗಿ ನೂಕಬೇಡಿ, ಬೆರಳಿನಿಂದ ಕೀಳಲೂ ಹೋಗಬೇಡಿ. ಬಿಸಿನೀರಿನಲ್ಲಿ ಹದಿನೈದು ನಿಮಿಷ ಕೂತು ಬನ್ನಿ, ಜೆಲ್ಲಿ ಸವರಿ ಮತ್ತೆ ಪ್ರಯತ್ನಿಸಿ. ಆಗದಿದ್ದರೆ ಗ್ಲಿಸರಿನ್ ಗುಳಿಗೆ ಗುದದೊಳಗೆ ಇಟ್ಟುಕೊಂಡರೆ ಸಾಮಾನ್ಯವಾಗಿ 15ರಿಂದ 60 ನಿಮಿಷದಲ್ಲಿ ಜಾರುತ್ತದೆ. ಬಿರುಕಿಗೆ ತಾಗಿ ಉರಿಯಬಹುದು, ಹಾಗಾಗಿ ಇದು ರೂಢಿಯಾಗಬಾರದು. ಎನಿಮಾದ ಕೊಳವೆ ಗಾಯವನ್ನು ಗೀರುತ್ತದೆ, ಅದನ್ನು ವೈದ್ಯರಿಗೆ ಬಿಡಿ. ಮೇಲಿನಿಂದ ಇನ್ನಷ್ಟು ಇಸಬ್‌ಗೋಲ್ ಸುರಿಯುವುದು ಇಂಥ ಹೊತ್ತಿನಲ್ಲಿ ತಪ್ಪು. ಕೆಳಗೆ ಬಿರಡೆ ಇರುವಾಗ ಮೇಲೆ ಉಬ್ಬಿಸಿದಂತಾಗುತ್ತದೆ. ಹೊಟ್ಟೆ ಬಿಗಿದು ವಾಂತಿ ಶುರುವಾದರೆ, ಗಾಳಿಯೂ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ.

ತೊಳೆದುಕೊಳ್ಳುವುದು ಹೇಗೆ?

ಉಗುರುಬೆಚ್ಚಗಿನ ನೀರು, ಬರಿಗೈ. ಸೋಪು ಬೇಡ. ಜೆಟ್ ಪೈಪಿನ ಒತ್ತಡ ತೀರಾ ಕಡಿಮೆ ಇರಲಿ, ರಭಸದ ಧಾರೆ ಬಿರುಕಿಗೆ ನೇರ ಬಡಿಯುತ್ತದೆ. ಒಣ ಕಾಗದದಿಂದ ತಿಕ್ಕಬೇಡಿ. ಸುವಾಸನೆಯ ಒದ್ದೆ ಟಿಶ್ಯುಗಳಲ್ಲಿರುವ ಸಂರಕ್ಷಕಗಳಿಂದ ಅಲರ್ಜಿಯಾಗಿ ತುರಿಕೆ ಹಿಡಿದವರು ಅದನ್ನು ಫಿಶರ್‌ನ ತುರಿಕೆ ಎಂದುಕೊಂಡು ಇನ್ನಷ್ಟು ಒರೆಸುತ್ತಿರುತ್ತಾರೆ. ಒಳಚಡ್ಡಿ ಹತ್ತಿಯದು, ಸಡಿಲದ್ದು.

ವೈದ್ಯರು ಬರೆಯುವ ಮುಲಾಮುಗಳು ಏನು ಮಾಡುತ್ತವೆ?

ಒಳಸ್ನಾಯುವನ್ನು ರಾಸಾಯನಿಕವಾಗಿ ಸಡಿಲಿಸುತ್ತವೆ. ಸ್ನಾಯು ಸಡಿಲಗೊಂಡು ಚರ್ಮಕ್ಕೆ ರಕ್ತ ಸಿಕ್ಕರೆ ಗಾಯ ತಾನಾಗಿ ಮಾಯುತ್ತದೆ. ಮುಖ್ಯವಾಗಿ ಮೂರು: ಡಿಲ್ಟಿಯಾಜೆಮ್ ಶೇ. 2, ನೈಟ್ರೊಗ್ಲಿಸರಿನ್ ಶೇ. 0.2ರಿಂದ 0.4, ಮತ್ತು ನಿಫೆಡಿಪಿನ್, ಇದು ಹೆಚ್ಚಾಗಿ ಮರಗಟ್ಟಿಸುವ ಲಿಡೊಕೇನ್ ಜತೆ ಬೆರೆತಿರುತ್ತದೆ. ಮೂರಕ್ಕೂ ವೈದ್ಯರ ಚೀಟಿ ಬೇಕು.

ನೈಟ್ರೊಗ್ಲಿಸರಿನ್ ಹಚ್ಚಿದವರಲ್ಲಿ ತಲೆನೋವು ಸಾಮಾನ್ಯ, ಕೆಲವರಿಗೆ ಮುಲಾಮು ಬಿಡುವಷ್ಟು ಜೋರು. ಡಿಲ್ಟಿಯಾಜೆಮ್‌ನಲ್ಲಿ ತಲೆನೋವು ಕಡಿಮೆ, ಕೆಲವರಿಗೆ ಗುದದ ಸುತ್ತ ತುರಿಕೆ ಬರುತ್ತದೆ. ಎರಡಕ್ಕೂ ಅವಕಾಶವಿದ್ದಾಗ ಡಿಲ್ಟಿಯಾಜೆಮ್‌ನಿಂದ ಶುರುಮಾಡುವುದು ಜಾಣತನ, ಏಕೆಂದರೆ ಎಂಟು ವಾರ ತಪ್ಪದೆ ಹಚ್ಚಲಾಗುವ ಮುಲಾಮೇ ಕೆಲಸ ಮಾಡುವ ಮುಲಾಮು. ಗಂಡಸರ ನಿಮಿರುವಿಕೆಯ ತೊಂದರೆಗೆ ಸಿಲ್ಡೆನಾಫಿಲ್, ಟಡಾಲಾಫಿಲ್ ಥರದ ಮಾತ್ರೆ ತೆಗೆದುಕೊಳ್ಳುವವರು ನೈಟ್ರೊಗ್ಲಿಸರಿನ್ ಹಚ್ಚಲೇಬಾರದು, ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಈ ವಿಷಯವನ್ನು ಸಂಕೋಚಪಟ್ಟು ವೈದ್ಯರಿಂದ ಮುಚ್ಚಿಡುವವರು ಇರುವುದರಿಂದ ಇಲ್ಲಿ ಬಿಡಿಸಿ ಹೇಳಿದ್ದು.

ಹಚ್ಚುವುದು ಹೇಗೆ?

ತೊಳೆದು ಒಣಗಿಸಿಕೊಂಡ ಮೇಲೆ ಬೆರಳಿಗೆ ಗವಸು ಹಾಕಿ, ಬಟಾಣಿ ಗಾತ್ರದಷ್ಟು ಅಥವಾ ಚೀಟಿಯಲ್ಲಿ ಬರೆದಷ್ಟು ಮುಲಾಮು ತೆಗೆದುಕೊಳ್ಳಿ. ಗುದದ ಅಂಚಿನ ಸುತ್ತ ಸವರಿ, ಬಾಗಿಲಲ್ಲೇ, ಒಂದು ಸೆಂಟಿಮೀಟರಿಗಿಂತ ಒಳಕ್ಕೆ ಹೋಗದಂತೆ ಲೇಪಿಸಿ. ಆಳಕ್ಕೆ ತುರುಕಿದರೆ ಗಾಯಕ್ಕೂ ಪೆಟ್ಟು, ಔಷಧಿಯೂ ಬೇಕಾದ ಕಡೆ ಇರುವುದಿಲ್ಲ. 12 ಗಂಟೆಗೊಮ್ಮೆ, ಆರರಿಂದ ಎಂಟು ವಾರ, ನೋವು ಹೋದರೂ ಸಹ. ಗವಸಿಲ್ಲದೆ ನೈಟ್ರೊಗ್ಲಿಸರಿನ್ ಹಚ್ಚಿದರೆ ಬೆರಳಿನ ಮೂಲಕವೂ ಮೈಗೆ ಸೇರಿ ತಲೆನೋವು ಹೆಚ್ಚುತ್ತದೆ. ಮೊದಲ ಕೆಲವು ದಿನ ಮಲಗಿಕೊಂಡೇ ಹಚ್ಚಿ, ಹತ್ತು ಹದಿನೈದು ನಿಮಿಷ ಹಾಗೇ ಇರಿ, ಆಮೇಲೆ ಮೆಲ್ಲಗೆ ಏಳಿ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ದಿನ ಕಳೆದಂತೆ ಅದು ತಗ್ಗುವುದುಂಟು. ಟ್ಯೂಬಿನ ಮುಚ್ಚಳ ಬಿಗಿಯಾಗಿರಲಿ.

ಮರಗಟ್ಟಿಸುವ ಮುಲಾಮು, ಮೂಲವ್ಯಾಧಿಯ ಮುಲಾಮು ಹಚ್ಚಬಹುದೇ?

ಲಿಡೊಕೇನ್ ಇರುವುದನ್ನು ಮಲಕ್ಕೆ ಹೋಗುವ ಐದು–ಹತ್ತು ನಿಮಿಷ ಮುಂಚೆ ಸ್ವಲ್ಪ ಸವರಿದರೆ ಭಯ ಕಡಿಮೆಯಾಗುತ್ತದೆ, ತಡೆಹಿಡಿಯುವ ಚಾಳಿ ತಪ್ಪುತ್ತದೆ. ಅದು ಗಾಯ ಮಾಯಿಸುವುದಿಲ್ಲ. ವಾರಗಟ್ಟಲೆ ಬಳಸಿದರೆ ಚರ್ಮ ಅಲರ್ಜಿಗೆ ತಿರುಗಬಹುದು. ಮೂಲವ್ಯಾಧಿಯ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಒಂದು ವಾರಕ್ಕಿಂತ ಹೆಚ್ಚು ಹಚ್ಚಿದರೆ ಚರ್ಮ ತೆಳುವಾಗಿ ಬೇಗ ಹರಿಯುತ್ತದೆ.

ನೋವಿಗೆ ಯಾವ ಮಾತ್ರೆ?

ಪ್ಯಾರಾಸಿಟಮಾಲ್ 500 ಮಿಗ್ರಾಂನಿಂದ 1 ಗ್ರಾಂ, ಆರು ಗಂಟೆ ಅಂತರದಲ್ಲಿ, ದಿನಕ್ಕೆ 4 ಗ್ರಾಂ ಮೀರದಂತೆ. ಯಕೃತ್ತಿನ ತೊಂದರೆಯವರು, ಕುಡಿಯುವವರು, ತೂಕ ಕಡಿಮೆಯವರು ಇದಕ್ಕೂ ಕಡಿಮೆ. ಕೊಡೀನ್, ಟ್ರಮಡಾಲ್ ಬೇಡ, ಅವು ಮಲವನ್ನು ಕಲ್ಲಾಗಿಸುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ, ಅಲ್ಯುಮಿನಿಯಂ ಇರುವ ಆಮ್ಲಹಾರಿ, ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ನಿದ್ದೆ ತರಿಸುವ ಅಲರ್ಜಿ ಮಾತ್ರೆಗಳೂ ಇದೇ ಸಾಲಿನವು. ಎಲ್ಲ ಪಥ್ಯ ಮಾಡಿಯೂ ಮಲ ಗಟ್ಟಿಯಾಗಿಯೇ ಇದ್ದರೆ ನಿಮ್ಮ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ, ನೀವಾಗಿ ನಿಲ್ಲಿಸಬೇಡಿ.

ಖಾರ ತಿನ್ನಬಹುದೇ?

ಖಾರ ಬಿರುಕು ಬೀಳಿಸುವುದಿಲ್ಲ. ಆದರೆ ಮೆಣಸಿನಕಾಯಿಯ ಖಾರದಂಶ ಪೂರ್ತಿ ಜೀರ್ಣವಾಗದೆ ಕೆಳಗಿನವರೆಗೂ ಬರುತ್ತದೆ, ತೆರೆದ ಗಾಯದ ಮೇಲೆ ಉರಿಯುತ್ತದೆ. ಮಾಯುವವರೆಗೆ ಕೈ ಹಿಂದಿರಲಿ. ಮದ್ಯ ನೀರನ್ನು ಹೊರಹಾಕಿ ಮಲ ಒಣಗಿಸುತ್ತದೆ, ಅದೂ ಬೇಡ.

ಕೂತು ಮಾಡುವ ಕೆಲಸ, ವ್ಯಾಯಾಮ?

ಗಂಟೆಗೊಮ್ಮೆ ಎದ್ದು ಓಡಾಡಿ. ದಿನಕ್ಕೆ ಅರ್ಧ ಗಂಟೆ ನಡಿಗೆ ಕರುಳಿಗೂ ಒಳ್ಳೆಯದು. ಭಾರ ಎತ್ತುವುದು, ಸೈಕಲ್ ಕೆಲವು ವಾರ ಬೇಡ. ನಡುವೆ ತೂತಿರುವ ಬಳೆಯಾಕಾರದ ದಿಂಬು ಪೃಷ್ಠಗಳನ್ನು ಅಗಲಿಸಿ ಗುದದ ಚರ್ಮವನ್ನು ಎಳೆಯುತ್ತದೆ. ದಪ್ಪನೆಯ ಚಪ್ಪಟೆ ದಿಂಬೇ ವಾಸಿ. ಗುದಸಂಭೋಗ ಪೂರ್ತಿ ಮಾಯುವವರೆಗೆ ಬೇಡ.

ಎರಡು ವಾರ ಚೆನ್ನಾಗಿತ್ತು, ನಿನ್ನೆ ಮತ್ತೆ ಹರಿಯಿತು. ಎಲ್ಲ ಹಾಳಾಯಿತೇ?

ಇಲ್ಲ. ಹೊಸ ಚರ್ಮ ತೆಳ್ಳಗಿರುತ್ತದೆ, ಒಂದು ಗಟ್ಟಿ ಮಲಕ್ಕೆ ಅಂಚು ಬಿಚ್ಚಬಹುದು. ಹಿಂದಿನ ಎರಡು ದಿನ ಏನಾಯಿತು ನೋಡಿ: ಪ್ರಯಾಣ, ನೀರು ಕುಡಿಯದ ದಿನ, ಬಿಟ್ಟ ಇಸಬ್‌ಗೋಲ್, ತಡೆಹಿಡಿದ ಬೆಳಗು, ಇವುಗಳಲ್ಲಿ ಒಂದು ಸಿಗುತ್ತದೆ. ಬಿಸಿನೀರನ್ನು ದಿನಕ್ಕೆ ಮೂರು ಸಲಕ್ಕೆ ಮರಳಿಸಿ, ಮಲ ಮೆತ್ತಗಾಗಿಸುವ ಔಷಧಿಯನ್ನು ಒಂದು ವಾರ ಸೇರಿಸಿ. ಸಾಮಾನ್ಯವಾಗಿ ಎರಡನೆಯ ಸಲ ಮೊದಲಿನಷ್ಟು ದಿನ ಹಿಡಿಯುವುದಿಲ್ಲ.

ಗರ್ಭಿಣಿಯರು, ಬಾಣಂತಿಯರು?

ಹೆರಿಗೆಯ ನಂತರ ಫಿಶರ್ ಬರುವುದು ಸಾಮಾನ್ಯ. ನಾರು, ಇಸಬ್‌ಗೋಲ್, ಲ್ಯಾಕ್ಟುಲೋಸ್, ಬಿಸಿನೀರು ಇವರಿಗೂ ಒಗ್ಗುತ್ತವೆ. ಸ್ನಾಯು ಸಡಿಲಿಸುವ ಮುಲಾಮುಗಳನ್ನು ಹೆರಿಗೆ ವೈದ್ಯರನ್ನು ಕೇಳದೆ ಮುಟ್ಟಬಾರದು. ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದರೆ ಟಬ್ಬಿನಲ್ಲಿ ಕೂರುವುದನ್ನೂ ಕೇಳಿಕೊಳ್ಳಿ.

ಮಕ್ಕಳಿಗೆ?

ಎಳೆಯ ಮಕ್ಕಳಲ್ಲಿ ಮಲದ ಮೇಲೆ ಕಾಣುವ ಕೆಂಪು ಗೆರೆಗೆ ಫಿಶರ್ ಬಹು ಸಾಮಾನ್ಯ ಕಾರಣ. ಹೆಚ್ಚಿನವು ಮಲ ಮೆತ್ತಗಾದರೆ ಬೇಗ ಮಾಯುತ್ತವೆ. ತೊಂದರೆ ಇರುವುದು ಮಗು ತಡೆಹಿಡಿಯುವುದರಲ್ಲಿ: ಕಾಲು ಹೆಣೆದು, ಮೈ ಸೆಟೆದು, ಮುಖ ಕೆಂಪಗೆ ಮಾಡಿಕೊಂಡು ನಿಂತರೆ ಅದು ತಿಣುಕುತ್ತಿದೆ ಎಂದು ಹೆತ್ತವರಿಗೆ ಅನಿಸುತ್ತದೆ. ಅದು ನೂಕುತ್ತಿಲ್ಲ, ಒಳಗೆ ಎಳೆದುಕೊಳ್ಳುತ್ತಿದೆ. ಗದರಬೇಡಿ, ಬಲವಂತದಿಂದ ಕೂರಿಸಬೇಡಿ. ಊಟದ ನಂತರ ಐದು ನಿಮಿಷ, ಪಾದ ಊರಲು ಮಣೆಯಿಟ್ಟು. ಮಲ ಮೆತ್ತಗಾಗಿಸುವ ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ವೈದ್ಯರೇ ಹೇಳಬೇಕು. ದೊಡ್ಡವರ ಮುಲಾಮು ಹಚ್ಚಬೇಡಿ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬೇಡಿ, ಬಾಟ್ಯುಲಿಸಂ ಎಂಬ ವಿಷಬಾಧೆಯ ಅಪಾಯವಿದೆ.

ಬೆರಳು ಹಾಕಿ ಹಿಗ್ಗಿಸಿದರೆ ಸ್ನಾಯು ಸಡಿಲವಾಗುತ್ತದಂತೆ?

ಮಾಡಬೇಡಿ. ಅರಿವಳಿಕೆ ಕೊಟ್ಟು ವೈದ್ಯರೇ ಬೆರಳಿನಿಂದ ಹಿಗ್ಗಿಸುವ ಪದ್ಧತಿ ಒಂದು ಕಾಲದಲ್ಲಿತ್ತು. ಸ್ನಾಯು ಅಂದಾಜಿಲ್ಲದೆ ಹರಿದು ಮಲದ ಹಿಡಿತ ತಪ್ಪುತ್ತಿದ್ದುದರಿಂದ ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಎಂಟು ವಾರವಾದರೂ ಮಾಯದಿದ್ದರೆ?

ಮೊದಲು ರೋಗ ಗುರುತಿಸಿದ್ದು ಸರಿಯೇ ಎಂದು ಮತ್ತೆ ನೋಡಿಸಬೇಕು. ಸರಿಯಿದ್ದರೆ ಮುಂದೆ ಎರಡು ದಾರಿ. ಬೊಟ್ಯುಲಿನಂ ಚುಚ್ಚುಮದ್ದು ಒಳಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲವಾಗಿಡುತ್ತದೆ; ಅದರ ಪ್ರಭಾವ ಇಳಿದ ಮೇಲೆ ಕೆಲವರಿಗೆ ಬಿರುಕು ಮರಳುತ್ತದೆ. ಇನ್ನೊಂದು, ಒಳಸ್ನಾಯುವಿನ ಒಂದು ಪಕ್ಕದ ಸ್ವಲ್ಪ ಭಾಗವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಇದರಿಂದ ವಾಸಿಯಾಗುತ್ತದೆ. ಗಾಳಿ ಅಥವಾ ಮಲ ಸೋರುವ ಅಪಾಯ ಕಡಿಮೆ, ಆದರೆ ಸೊನ್ನೆಯಲ್ಲ. ಹೆರಿಗೆಯಲ್ಲಿ ಸ್ನಾಯುವಿಗೆ ಪೆಟ್ಟಾದವರು, ಭೇದಿ ಹೆಚ್ಚಿರುವವರು ಅದನ್ನು ಮೊದಲೇ ಹೇಳಬೇಕು.

ನೋವು ಪೂರ್ತಿ ಹೋಯಿತು. ಯಾವಾಗ ನಿಲ್ಲಿಸಲಿ?

ಬಿಸಿನೀರನ್ನು ನೋವು ಹೋದ ಎರಡು ವಾರಕ್ಕೆ ನಿಲ್ಲಿಸಬಹುದು. ಮುಲಾಮು ಬರೆದುಕೊಟ್ಟ ಅವಧಿ ಮುಗಿದ ಮೇಲೆ. ಮಲ ಮೆತ್ತಗಾಗಿಸುವ ಔಷಧಿಯನ್ನು ಒಂದೇ ದಿನ ಬಿಡದೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ ಎಂದು ಇಳಿಸಿ.

ನಾರನ್ನು ಮಾತ್ರ ಬಿಡಬೇಡಿ, ಅರ್ಧಕ್ಕೂ ಇಳಿಸಬೇಡಿ. ಮಾಯ್ದ ಫಿಶರ್ ಮರಳುವುದು ಹೆಚ್ಚಾಗಿ ಈ ಹಂತದಲ್ಲೇ. ಡೆನ್ಮಾರ್ಕಿನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಫಿಶರ್ ಮಾಯ್ದವರಿಗೆ ಒಂದು ವರ್ಷ ಗೋಧಿ ತೌಡು ಕೊಟ್ಟು ನೋಡಿದರು. ದಿನಕ್ಕೆ ಮೂರು ಸಲ 5 ಗ್ರಾಂ ತಿಂದವರಲ್ಲಿ ಬಿರುಕು ಮರಳಿದ್ದು ಶೇ. 16 ಮಂದಿಗೆ. ಅದರ ಅರ್ಧ, ಅಂದರೆ 2.5 ಗ್ರಾಂ ಮೂರು ಸಲ ತಿಂದವರಲ್ಲಿ ಶೇ. 60. ತೌಡಿಲ್ಲದ ಹುಸಿ ಔಷಧಿ ತಿಂದವರಲ್ಲಿ ಶೇ. 68. ಅರ್ಧ ಪ್ರಮಾಣಕ್ಕೂ ಏನೂ ತಿನ್ನದಿರುವುದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ 15 ಗ್ರಾಂ ತೌಡು ಎಂದರೆ ಮೂರು ಹೊತ್ತಿನ ಊಟದಲ್ಲಿ ರಾಶಿ ತುಂಬಿದ ಒಂದೊಂದು ದೊಡ್ಡ ಚಮಚ. ಕನಿಷ್ಠ ಒಂದು ವರ್ಷ.